ಹೇಳಿದವರು ಯಾರು? ಸುರಪುರದ ಇತಿಹಾಸದಲ್ಲಿ ಸುದ್ದಿ ಮತ್ತು ಗಾಳಿಸುದ್ದಿ

1858ರಲ್ಲಿ ಹೈದರಾಬಾದಿನಿಂದ ಮದ್ರಾಸಿನ ದಿಕ್ಕಿಗೆ ಹೊರಟಿದ್ದ ಸೇನಾ ಬೆಂಗಾವಲಿನ ಬಿಡಾರವೊಂದರಲ್ಲಿ ಪಿಸ್ತೂಲಿನ ಗುಂಡು ಹಾರಿತು. ಸತ್ತವನು ಸುರಪುರದ ರಾಜಾ ವೆಂಕಟಪ್ಪ ನಾಯಕ. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ಕಂಪನಿ ಸರ್ಕಾರದ ವಿರುದ್ಧ ಕತ್ತಿ ಎತ್ತಿದ ತಪ್ಪಿಗೆ ಸೆರೆಯಾಳಾಗಿ ಅವನನ್ನು ಮದ್ರಾಸ್ ಬಳಿಯ ಚೆಂಗಲ್ಪಟ್ಟು ಕೋಟೆಗೆ ಸಾಗಿಸಲಾಗುತ್ತಿತ್ತು.

ಈ ಸಾವಿನ ಬಗ್ಗೆ ಎರಡು ಮಾತುಗಳಿವೆ. ಬೆಂಗಾವಲಿನ ಇಂಗ್ಲಿಷ್ ಅಧಿಕಾರಿ ತನ್ನ ಸೊಂಟಪಟ್ಟಿಯನ್ನು ಪಿಸ್ತೂಲಿನ ಸಮೇತ ಬಿಚ್ಚಿ ಕುರ್ಚಿಗೆ ತೂಗುಹಾಕಿ ಹೊರಗೆ ಹೋದಾಗ ರಾಜ ಅದನ್ನು ಎತ್ತಿಕೊಂಡು ಗುಂಡು ಹಾರಿಸಿಕೊಂಡ ಎಂಬುದು ಮೊದಲನೆಯದು. ಇದು ಇಂಗ್ಲಿಷ್ ಪುಸ್ತಕಗಳಲ್ಲಿರುವ ಮಾತು. ಇಲ್ಲ, ದಾರಿಯಲ್ಲಿ ಬ್ರಿಟಿಷರೇ ಅವನನ್ನು ಕೊಂದು ಆತ್ಮಹತ್ಯೆಯ ಕಥೆ ಕಟ್ಟಿದರು ಎಂಬುದು ಎರಡನೆಯದು. ಇದು ಸುರಪುರದ ಸೀಮೆಯಲ್ಲಿ ತಲೆಮಾರುಗಳಿಂದ ಬಂದ ಮಾತು. ಯಾದಗಿರಿ, ಶಹಾಪುರ, ಸುರಪುರದ ಯಾವ ಊರಿನಲ್ಲಿ ಕೇಳಿದರೂ ಎರಡನೆಯದನ್ನು ನಂಬುವವರೇ ಹೆಚ್ಚು. ಪುಸ್ತಕ ಓದಿದವರು ಮೊದಲನೆಯದನ್ನು ಹೇಳುತ್ತಾರೆ. ಇಬ್ಬರೂ ತಮ್ಮದೇ ಇತಿಹಾಸ, ಇನ್ನೊಬ್ಬರದು ಕಟ್ಟುಕಥೆ ಎನ್ನುತ್ತಾರೆ.

ಇದೇ ನೆಲದಲ್ಲಿ ಇಂದು ಪ್ರತಿಯೊಬ್ಬರ ಅಂಗೈಯಲ್ಲೂ ಮೊಬೈಲ್ ಇದೆ, ಅದರಲ್ಲಿ ದಿನಕ್ಕೆ ನೂರು ಸುದ್ದಿ ಬಂದು ಬೀಳುತ್ತವೆ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಈಗ ದೊಡ್ಡದಾಗಿದೆ. ಆದರೆ ಪ್ರಶ್ನೆ ಹೊಸದಲ್ಲ. ಅದಕ್ಕೆ ಉತ್ತರ ಹುಡುಕುವ ವಿದ್ಯೆಯೂ ಹೊಸದಲ್ಲ. ಸುರಪುರದ ಚರಿತ್ರೆಯನ್ನು ಬರೆಯಹೊರಟವರೆಲ್ಲ ಆ ವಿದ್ಯೆಯನ್ನು ಬಳಸಲೇಬೇಕಾಗಿ ಬಂತು. ಏಕೆಂದರೆ ಆ ಸಂಸ್ಥಾನದ ಕಥೆಯಲ್ಲಿ ಬಹುಪಾಲು ನಮಗೆ ತಲುಪಿರುವುದು ಅದರ ಶತ್ರುಗಳ ಇಲ್ಲವೇ ಮೇಲಿನವರ ಬಾಯಿಂದ.

ಮೊದಲು ಆ ಇಂಗ್ಲಿಷ್ ಪುಸ್ತಕದ ವಿಚಾರ. ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿಹರೆಯದಲ್ಲೇ ಮುಂಬಯಿಗೆ ಬಂದು, 1824ರಲ್ಲಿ ನಿಜಾಮನ ಸೈನ್ಯ ಸೇರಿದ. 1841ರಲ್ಲಿ ಅವನನ್ನು ಸುರಪುರಕ್ಕೆ ಕಳಿಸಿದರು. ಅಲ್ಲಿ ರಾಜ ಕೃಷ್ಣಪ್ಪ ನಾಯಕನ ನಂತರ ಗದ್ದುಗೆಗೆ ಬರಬೇಕಾದವನು ಏಳು ವರ್ಷದ ಆಸುಪಾಸಿನ ಹುಡುಗ. ರಾಣಿ ಈಶ್ವರಮ್ಮನಿಗೂ ಮೈದುನನಿಗೂ ಆಡಳಿತದ ಹಕ್ಕಿಗಾಗಿ ತಿಕ್ಕಾಟವಿತ್ತು. ಟೇಲರ್ ಕ್ರಮೇಣ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡು 1853ರವರೆಗೆ ಸಂಸ್ಥಾನ ನಡೆಸಿದ. ಆ ವರ್ಷ ರಾಜ ಪ್ರಾಯಕ್ಕೆ ಬಂದನೆಂದು ಅಧಿಕಾರ ಬಿಟ್ಟುಕೊಟ್ಟ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಬಂಗಲೆ 'ಟೇಲರ್ ಮಂಜಿಲ್' ಎಂಬ ಹೆಸರಿನಲ್ಲಿ ಇಂದೂ ನಿಂತಿದೆ.

ಟೇಲರ್ ಬರಿಯ ಅಧಿಕಾರಿಯಲ್ಲ. 1839ರಲ್ಲಿ ಠಕ್ಕರ ಬಗ್ಗೆ ಅವನು ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಬಹಳ ಹೆಸರು ಮಾಡಿತು. ಮರುವರ್ಷ ಟಿಪ್ಪು ಸುಲ್ತಾನನ ಮೇಲೊಂದು ಬರೆದ. 1840ರಿಂದ 1853ರವರೆಗೆ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಹಿಂದೂಸ್ತಾನದ ಸುದ್ದಿಗಾರನೂ ಆಗಿದ್ದ. ಅಂದರೆ ಸುರಪುರದಲ್ಲಿ ಕುಳಿತು ಸಂಸ್ಥಾನ ಆಳುತ್ತಿದ್ದವನೇ ಲಂಡನ್ನಿಗೆ ಈ ದೇಶದ ಸುದ್ದಿಯನ್ನೂ ಬರೆಯುತ್ತಿದ್ದ, ಅವನೇ ಕಾದಂಬರಿಯನ್ನೂ ಬರೆಯುತ್ತಿದ್ದ. ಈ ಮೂರೂ ಕೆಲಸಗಳನ್ನು ಒಂದೇ ಕೈ ಮಾಡುವಾಗ ಮಸಿ ಒಂದರಿಂದ ಇನ್ನೊಂದಕ್ಕೆ ಸೋರದೆ ಇರುವುದು ಕಷ್ಟ.

ಅವನ ಆತ್ಮಕಥೆ 'ದಿ ಸ್ಟೋರಿ ಆಫ್ ಮೈ ಲೈಫ್' ಪ್ರಕಟವಾದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ. ಮಗಳು ಅದನ್ನು ಸಂಪಾದಿಸಿದಳು. ಸುರಪುರದ ಕಾಳಗಕ್ಕೂ ಪುಸ್ತಕಕ್ಕೂ ನಡುವೆ ಹತ್ತೊಂಬತ್ತು ವರ್ಷಗಳ ಅಂತರವಿದೆ. 1857–58ರ ಸುರಪುರದ ಬಗ್ಗೆ ಮುಂದೆ ಬರೆದವರಲ್ಲಿ ಬಹುಪಾಲು ಜನ ಈ ಒಂದು ಬಾವಿಯಿಂದಲೇ ನೀರು ಸೇದಿದ್ದಾರೆ. ಹತ್ತು ಪುಸ್ತಕಗಳಲ್ಲಿ ಒಂದೇ ಸಂಗತಿ ಇದ್ದರೆ ಹತ್ತು ಸಾಕ್ಷಿಗಳಿದ್ದಾರೆಂದು ನಮಗೆ ತೋರುತ್ತದೆ. ಹತ್ತೂ ಒಬ್ಬನನ್ನೇ ನೋಡಿ ಬರೆದವಾದರೆ ಸಾಕ್ಷಿ ಒಬ್ಬನೇ.

ಪುಸ್ತಕದಲ್ಲಿ ಟೇಲರ್ ಹೇಳುವ ಒಂದು ಪ್ರಸಂಗವಂತೂ ಓದಿದವರು ಮರೆಯುವಂಥದ್ದಲ್ಲ. ರಾಜಕುಮಾರ ಹುಟ್ಟಿದಾಗ ಬರೆಸಿದ ಜಾತಕದಲ್ಲಿ ಅವನು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಳ್ಳುತ್ತಾನೆಂದು ಇತ್ತಂತೆ. ರಾಣಿ ಈಶ್ವರಮ್ಮ ಈ ಗುಟ್ಟನ್ನು ಟೇಲರನಿಗೆ ಹೇಳಿದ್ದಳಂತೆ. 1858ರಲ್ಲಿ ರಾಜ ಸೆರೆಸಿಕ್ಕ. ಸೈನಿಕ ವಿಚಾರಣಾ ಮಂಡಳಿ ಮರಣದಂಡನೆ ವಿಧಿಸಿತು. ಹೈದರಾಬಾದಿನ ರೆಸಿಡೆಂಟ್ ಅದನ್ನು ಜೀವಾವಧಿ ಗಡಿಪಾರಿಗೆ ಇಳಿಸಿದ. ಗವರ್ನರ್ ಜನರಲ್ ಅದನ್ನೂ ತಗ್ಗಿಸಿ ನಾಲ್ಕು ವರ್ಷದ ಸೆರೆವಾಸ ಮಾಡಿದ. ನಡತೆ ಚೆನ್ನಾಗಿದ್ದರೆ ಸಂಸ್ಥಾನವೂ ಮರಳಿ ಸಿಗುವ ಸೂಚನೆಯಿತ್ತು. ಆಗ ಸುರಪುರದಲ್ಲಿದ್ದ ಟೇಲರ್, ಜಾತಕ ಸುಳ್ಳಾಯಿತಲ್ಲ ಎಂದು ಗುಟ್ಟು ತಿಳಿದಿದ್ದ ಬ್ರಾಹ್ಮಣನಿಗೆ ಹೇಳುತ್ತಾನೆ. ಅವನು ಒಪ್ಪುವುದಿಲ್ಲ. ಅಷ್ಟರಲ್ಲಿ ಸಾವಿನ ಸುದ್ದಿ ಬರುತ್ತದೆ.

ಎಂಥ ಕಥೆ! ಕಟ್ಟಾದ ಕಾದಂಬರಿಯ ಕೊನೆಯ ಅಧ್ಯಾಯದಂತಿದೆ. ಟೇಲರ್ ಅದನ್ನು ಬೇಕೆಂದೇ ಹೊಸೆದನೆಂದು ನಾನು ಹೇಳುತ್ತಿಲ್ಲ. ಜಾತಕ ಬರೆಸುವುದೂ ಅದರಲ್ಲಿ ಗಂಡಾಂತರ ಕಾಣುವುದೂ ನಮ್ಮಲ್ಲಿ ಅಪರೂಪವೇನಲ್ಲ. ಆದರೆ ಹದಿನೈದು ಗಂಡಾಂತರಗಳಲ್ಲಿ ಹದಿನಾಲ್ಕು ನಿಜವಾಗುವುದಿಲ್ಲ, ಅವುಗಳನ್ನು ಯಾರೂ ಆತ್ಮಕಥೆಯಲ್ಲಿ ಬರೆಯುವುದಿಲ್ಲ. ನಿಜವಾದದ್ದು ಮಾತ್ರ ಉಳಿಯುತ್ತದೆ, ವರ್ಷ ಕಳೆದಂತೆ ಮೂಲೆಗಳು ಸವೆದು ನುಣುಪಾಗುತ್ತದೆ. ಇನ್ನೊಂದು ಮಾತೂ ಇದೆ. ಎಲ್ಲವೂ ಗ್ರಹಗತಿಯ ಪ್ರಕಾರ ಆಯಿತೆಂದ ಮೇಲೆ ಸುರಪುರದ ದಂಗೆಗೆ ರಾಜಕೀಯ ಕಾರಣ ಹುಡುಕುವ ತೊಂದರೆ ಓದುಗನಿಗೆ ಉಳಿಯುವುದಿಲ್ಲ. ಹನ್ನೆರಡು ವರ್ಷ ತಾನು ತಿದ್ದಿ ಬೆಳೆಸಿದ ಹುಡುಗ ತನ್ನ ದೊರೆತನದ ವಿರುದ್ಧವೇ ಏಕೆ ತಿರುಗಿದ ಎಂಬ ಪ್ರಶ್ನೆಯಿಂದ ಟೇಲರನಿಗೂ ಬಿಡುಗಡೆ ಸಿಗುತ್ತದೆ.

ಶಹಾಪುರದ ಬಳಿ ಹೋದವರು ಅಲ್ಲಿನ ಬೆಟ್ಟಸಾಲನ್ನು ನೋಡಿರುತ್ತಾರೆ. ರಸ್ತೆಯ ಒಂದು ಕಡೆ ನಿಂತರೆ ಬುದ್ಧ ಅಂಗಾತ ಮಲಗಿದಂತೆ ಹಣೆ, ಮೂಗು, ಎದೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಬೆಟ್ಟವನ್ನು ಸುತ್ತಿ ಆಚೆಗೆ ಹೋದರೆ ಬುದ್ಧನಿಲ್ಲ, ಬೇರೆ ಬೇರೆ ಗುಡ್ಡಗಳಿವೆ. ಚಿತ್ರ ಸುಳ್ಳಲ್ಲ, ಆದರೆ ನಿಂತ ಜಾಗ ಅದರಲ್ಲಿ ಸೇರಿಕೊಂಡಿದೆ. ಟೇಲರನ ಸುರಪುರವೂ ಹಾಗೆಯೇ. ಅವನು ಬರುವ ಮುಂಚಿನ ಆಡಳಿತ ಕತ್ತಲು, ಅವನಿದ್ದಾಗ ಬೆಳಕು, ಅವನು ಹೋದ ಮೇಲೆ ಮತ್ತೆ ಕತ್ತಲು. ರಾಣಿ ಈಶ್ವರಮ್ಮನಂತೂ ಆ ಪುಟಗಳಲ್ಲಿ ಕೆಟ್ಟ ಹೆಂಗಸಾಗಿಯೇ ಉಳಿದಿದ್ದಾಳೆ. ಅವಳ ಕೈಯಿಂದ ಅಧಿಕಾರ ಹೋದದ್ದು ಯಾರ ಕೈಗೆ ಎಂಬುದನ್ನು ನೆನಪಿಟ್ಟುಕೊಂಡು ಆ ಪುಟಗಳನ್ನು ಓದಬೇಕು. ಅವಳು ಬರೆದಿಟ್ಟ ಆತ್ಮಕಥೆ ಇಲ್ಲ.

ಇದೇ ಸುರಪುರ ಸೀಮೆಯ ಬೂದಿಹಾಳದಲ್ಲಿ ಹಳೆಯ ಬೂದಿಗುಡ್ಡವಿದೆ. ಇಂಥ ಗುಡ್ಡಗಳನ್ನು ಕಂಡ ಜನ ರಾಕ್ಷಸರ ಚಿತೆಯ ಬೂದಿ ಎಂದರು. ವಿದ್ವಾಂಸರು ಏನೇನೋ ಊಹಿಸಿದರು. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಇವು ದನದ ಸಗಣಿ ಸುಟ್ಟ ಬೂದಿ ಎಂದಿದ್ದ. 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ಅಗೆದು ನವಶಿಲಾಯುಗದ ದನಗಾಹಿಗಳ ದೊಡ್ಡಿಯನ್ನೂ ವಸತಿಯನ್ನೂ ಬೆಳಕಿಗೆ ತಂದರು. ಬೂದಿಯನ್ನು ಹೀಗೆ ಅಗೆದು ನೋಡಬಹುದು. ಮಾತನ್ನು ಅಗೆಯುವುದು ಹೇಗೆ?

ಅದಕ್ಕೊಂದು ಹಳೆಯ ಉಪಾಯವಿದೆ. ನ್ಯಾಯಾಲಯದಲ್ಲಿ ವಕೀಲರೂ ಬಳಸುತ್ತಾರೆ, ಇತಿಹಾಸಕಾರರೂ ಬಳಸುತ್ತಾರೆ. ಹೇಳಿದವನಿಗೆ ಆ ಮಾತಿನಿಂದ ಲಾಭವೋ ನಷ್ಟವೋ ಎಂದು ಕೇಳುವುದು. ತನ್ನ ಮಾನ ಹೋಗುವಂಥ ಸಂಗತಿಯನ್ನು ಯಾರೂ ಸುಮ್ಮನೆ ಹುಟ್ಟಿಸುವುದಿಲ್ಲ. ಇದಕ್ಕೆ ಸುರಪುರದ ಇತಿಹಾಸದಲ್ಲೇ, 1858ಕ್ಕಿಂತ ಒಂದೂವರೆ ಶತಮಾನ ಹಿಂದೆ, ಸೊಗಸಾದ ಉದಾಹರಣೆಯಿದೆ.

ಆಗ ಸುರಪುರ ಇನ್ನೂ ರಾಜಧಾನಿಯಾಗಿರಲಿಲ್ಲ. ನಾಯಕರ ಕೋಟೆ ಪಕ್ಕದ ವಾಗಣಗೇರಾದಲ್ಲಿತ್ತು. (ವಡಗೇರಾ ಬೇರೆ, ವಾಗಣಗೇರಾ ಬೇರೆ. ಹೊರಗಿನವರು ಆಗಾಗ ಎರಡನ್ನೂ ಕಲಸುತ್ತಾರೆ.) 1705ರ ಫೆಬ್ರವರಿಯಲ್ಲಿ ಔರಂಗಜೇಬ ಸ್ವತಃ ಬಂದು ಈ ಕೋಟೆಯನ್ನು ಮುತ್ತಿದ. ಅವನ ವಯಸ್ಸು ಆಗ ಎಂಬತ್ತಾರು ದಾಟಿತ್ತು. ಇದೇ ಅವನ ಕೊನೆಯ ದಂಡಯಾತ್ರೆ. ಒಳಗಿದ್ದವನು ಪಿಡ್ಡ ನಾಯಕ. ಅವನ ನೆರವಿಗೆ ಧನಾಜಿ ಜಾಧವನ ಮರಾಠಾ ಸವಾರರು ಬಂದಿದ್ದರು, ಅವರ ಕುಟುಂಬಗಳು ಕೋಟೆಯಲ್ಲೇ ಆಶ್ರಯ ಪಡೆದಿದ್ದವು.

ಪಿಡ್ಡ ನಾಯಕನಿಗೆ ಬೇಕಾಗಿದ್ದದ್ದು ಕಾಲ. ಕಾಶ್ಮೀರದ ಒಬ್ಬ ವ್ಯಾಪಾರಿಯ ಮೂಲಕ ಸಂಧಾನದ ಮಾತು ಕಳಿಸಿದ. ತಮ್ಮ ಸೋಮಶಂಕರನನ್ನು ಬಾದಶಹನ ಬಿಡಾರಕ್ಕೆ ಒಪ್ಪಿಸಿದ. ಕೋಟೆ ವಶವಾಯಿತೆಂದು ತೋರಿಸಲು ಮೊಹತಶಮ್ ಖಾನನೆಂಬ ಸರದಾರನನ್ನು ಕೆಲವೇ ಜನರೊಂದಿಗೆ ಒಳಗೆ ಬಿಟ್ಟುಕೊಂಡ. ನಾಯಕ ಮಾತ್ರ ಹೊರಗೆ ಬರಲಿಲ್ಲ. ಅವನಿಗೆ ಜ್ವರ ಬಂದಿದೆ ಎಂಬ ಸುದ್ದಿ ಬಂತು. ಆಮೇಲೆ ಜ್ವರ ನೆತ್ತಿಗೇರಿ ಬಡಬಡಿಸುತ್ತಿದ್ದಾನೆ ಎಂದು. ಆಮೇಲೆ ಹುಚ್ಚು ಹಿಡಿದು ಕೋಟೆಯಿಂದ ಓಡಿಹೋಗಿದ್ದಾನೆ, ಸತ್ತನೋ ಮರಾಠರೊಡನೆ ಸೇರಿದನೋ ಗೊತ್ತಿಲ್ಲ ಎಂದು. ತಾಯಿ ಗೋಳಾಡಿದಳು. ಸೋಮಶಂಕರನನ್ನೇ ನಾಯಕನನ್ನಾಗಿ ಮಾಡಿ ಕಳಿಸಿದರೆ ಕೋಟೆ ಬಿಟ್ಟುಕೊಡುತ್ತೇವೆ ಎಂದಳು. ಬಾದಶಹ ನಂಬಿ ಅವನನ್ನು ಕಳಿಸಿಕೊಟ್ಟ. ತಮ್ಮ ಒಳಗೆ ಸೇರಿದ ಮೇಲೆ ಬಾಗಿಲು ಮುಚ್ಚಿತು. ಮೊಹತಶಮ್ ಖಾನ್ ಕೋಟೆಯ ಅಧಿಪತಿಯಾಗುವ ಬದಲು ಕೈದಿಯಾಗಿದ್ದ. ನಾಯಕ ಒಳಗೇ ಸುಖವಾಗಿದ್ದ.

ಸುದ್ದಿಯನ್ನು ಕಂತುಕಂತಾಗಿ ಬಿಟ್ಟ ಜಾಣತನವನ್ನು ಗಮನಿಸಬೇಕು. ಒಂದೇ ದಿನ ನಾಯಕ ಹುಚ್ಚನಾಗಿ ಓಡಿಹೋದನೆಂದಿದ್ದರೆ ಮೊಗಲರು ಅನುಮಾನಪಡುತ್ತಿದ್ದರು. ಮೊದಲು ಜ್ವರ. ಜ್ವರ ಯಾರಿಗೆ ಬರುವುದಿಲ್ಲ? ಅದನ್ನು ನಂಬಿದವರು ಸನ್ನಿಯನ್ನು ನಂಬಿದರು, ಸನ್ನಿಯನ್ನು ನಂಬಿದವರು ಹುಚ್ಚನ್ನು ನಂಬಿದರು. ಅಲ್ಲದೆ ಬಾದಶಹನಿಗೆ ಆ ಸುದ್ದಿ ಬೇಕಾಗಿತ್ತು. ಮುದಿ ವಯಸ್ಸಿನಲ್ಲಿ ಕೃಷ್ಣೆಯ ಬಯಲಿನಲ್ಲಿ ಡೇರೆ ಹಾಕಿ ಕುಳಿತವನಿಗೆ ಶತ್ರು ತಾನಾಗಿಯೇ ಮಾಯವಾದನೆಂಬ ಸುದ್ದಿಗಿಂತ ಇಂಪಾದದ್ದು ಏನಿದ್ದೀತು?

ಇದೆಲ್ಲ ನಮಗೆ ತಿಳಿದದ್ದು ಹೇಗೆ? ಸುರಪುರದವರು ಹೆಮ್ಮೆಯಿಂದ ಬರೆದಿಟ್ಟದ್ದರಿಂದಲ್ಲ. ಮೊಗಲ್ ಪಕ್ಷದ ಪಾರಸಿ ಬರಹಗಾರರಿಂದ. ಅವರು ಬೇಡ ನಾಯಕರನ್ನು ಕಳ್ಳರು, ಕಾಫಿರರು ಎಂದು ಬೈಯುತ್ತಲೇ ಬರೆಯುತ್ತಾರೆ. ಆ ಬೈಗುಳಕ್ಕೆ ನಾವು ಬೆಲೆ ಕೊಡಬೇಕಾಗಿಲ್ಲ, ಶತ್ರುವನ್ನು ಬೈಯುವುದರಲ್ಲಿ ಅವರಿಗೆ ಲಾಭವಿತ್ತು. ಆದರೆ ತಮ್ಮ ಬಾದಶಹ ಒಬ್ಬ ಪಾಳೆಯಗಾರನ ಕೈಯಲ್ಲಿ ಬೇಸ್ತುಬಿದ್ದ ಕಥೆಯನ್ನು ಅವರು ಏಕೆ ಹುಟ್ಟಿಸುತ್ತಾರೆ? ಅದು ನಡೆದದ್ದರಿಂದ, ಮುಚ್ಚಲಾಗದಷ್ಟು ಜನರಿಗೆ ಗೊತ್ತಿದ್ದರಿಂದ ಬರೆದರು. ಒಂದೇ ಪುಟದಲ್ಲಿ ನಂಬಬಾರದ ಮಾತೂ ಇದೆ, ನಂಬಬಹುದಾದ ಮಾತೂ ಇದೆ. ಪುಸ್ತಕವನ್ನು ಇಡಿಯಾಗಿ ಒಪ್ಪುವುದೂ ಇಡಿಯಾಗಿ ಎಸೆಯುವುದೂ ಸೋಮಾರಿಗಳ ದಾರಿ.

ಕೋಟೆ ಕೊನೆಗೆ ಬಿತ್ತು. ಜುಲ್ಫಿಕಾರ್ ಖಾನ್ ಬಂದು ಸುತ್ತಲಿನ ದಿಬ್ಬಗಳನ್ನೂ ಬಾವಿಗಳನ್ನೂ ಹಿಡಿದ ಮೇಲೆ ಏಪ್ರಿಲ್ 27ರಂದು ನಾಯಕ ಮರಾಠರೊಂದಿಗೆ ರಾತ್ರಿ ತಪ್ಪಿಸಿಕೊಂಡ. ಗೆದ್ದವರಿಗೆ ಸಿಕ್ಕದ್ದು ಸುಟ್ಟ ಮನೆಗಳು. ಅಲ್ಲಿಂದ ದೇವಾಪುರಕ್ಕೆ ಬಂದ ಔರಂಗಜೇಬ ಕಾಯಿಲೆ ಬಿದ್ದ. ಈಗ ಗಾಳಿಸುದ್ದಿಯ ಸರದಿ ಮೊಗಲ್ ಪಾಳೆಯದ್ದು. ಬಾದಶಹ ಸತ್ತ, ಮುಚ್ಚಿಡುತ್ತಿದ್ದಾರೆ ಎಂದು ದಂಡಿನಲ್ಲಿ ಗುಸುಗುಸು ಹಬ್ಬಿ, ಶತ್ರುಗಳ ನಡುವೆ ಸಿಕ್ಕಿಬಿದ್ದೆವೆಂದು ಜನ ನಡುಗಿದರು. ಅವನು ಚೇತರಿಸಿಕೊಂಡ. ನಿಜವಾಗಿ ಸತ್ತದ್ದು 1707ರಲ್ಲಿ, ಅಹಮದ್‌ನಗರದಲ್ಲಿ.

ಈಗ ಅದೇ ತಕ್ಕಡಿಯನ್ನು ಹಿಡಿದು 1858ಕ್ಕೆ ಮರಳೋಣ.

ಆ ವರ್ಷ ಫೆಬ್ರವರಿ 7ರ ರಾತ್ರಿ ಸುರಪುರದ ಪಡೆ ಕ್ಯಾಪ್ಟನ್ ವಿಂಡ್‌ಹ್ಯಾಮನ ಬಿಡಾರದ ಮೇಲೆ ಬಿತ್ತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಕರ್ನಲ್ ಮಾಲ್ಕಂನ ದಂಡು ಬಂದು ಸೇರಿದಾಗ ರಾಜ ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೊರಟುಹೋದ. ಅಲ್ಲಿ ಸೆರೆಸಿಕ್ಕ. ಟೇಲರ್ ಅವನನ್ನು ಸೆರೆಮನೆಯಲ್ಲಿ ಕಂಡ. ಚಿಕ್ಕಂದಿನಿಂದ ತನ್ನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ ಹುಡುಗ ತಬ್ಬಿಕೊಂಡು ಅತ್ತನೆಂದು ಬರೆಯುತ್ತಾನೆ. ದಂಗೆಗೆ ಪ್ರಚೋದಿಸಿದವರ ಹೆಸರು ಹೇಳು, ಒಳ್ಳೆಯದಾಗುತ್ತದೆ ಎಂದರೂ ರಾಜ ಹೇಳಲಿಲ್ಲವಂತೆ. ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿ ಎಂದನಂತೆ. ಈ ಭಾಗವನ್ನು ನಾನು ನಂಬುತ್ತೇನೆ. ರಾಜ ಅಳ್ಳೆದೆಯವನು, ದುಂದುಗಾರ, ಕೆಟ್ಟವರ ಮಾತಿಗೆ ಸಿಕ್ಕವನು ಎಂದು ತೋರಿಸಹೊರಟ ಬರಹಗಾರನ ಲೇಖನಿಯಿಂದಲೇ ಅವನ ಧೈರ್ಯದ ಮಾತೂ ಬಂದಿದೆ. ಅದು ಟೇಲರನ ವಾದಕ್ಕೆ ಅನುಕೂಲವಾದ ಮಾತಲ್ಲ. ವಾಗಣಗೇರಾದ ಪಾರಸಿ ಬರಹಗಾರರಂತೆ ಅವನೂ ಇಲ್ಲಿ ತನಗೆ ಎದುರಾದದ್ದನ್ನು ಬರೆದಿದ್ದಾನೆ.

ಸಾವಿನ ಕಥೆ ಹಾಗಲ್ಲ. ಮೊದಲನೆಯದಾಗಿ ಟೇಲರ್ ಅಲ್ಲಿರಲಿಲ್ಲ, ಅವನಿಗೆ ಸುದ್ದಿ ಬಂದದ್ದು ಸುರಪುರಕ್ಕೆ. ಅಧಿಕಾರಿ ಹೊರಗೆ ಹೋದಾಗ ಗುಂಡು ಹಾರಿತೆಂದರೆ ಆ ವಿವರಣೆಯ ಪ್ರಕಾರವೇ ಹಾರಿಸಿದ್ದನ್ನು ಅವನೂ ಕಣ್ಣಾರೆ ಕಾಣಲಿಲ್ಲ. ಸೆರೆಯಾಳು ಸತ್ತಾಗ ಮೊದಲ ಪ್ರಶ್ನೆ ಏಳುವುದು ಕಾವಲುಗಾರನ ಮೇಲೆ, ಮೊದಲ ವಿವರಣೆ ಬರುವುದೂ ಕಾವಲುಗಾರನಿಂದ. ಆ ವಿವರಣೆ ಅವನ ಪಕ್ಷಕ್ಕೆ ಅನುಕೂಲ. ಆದ್ದರಿಂದ ತಕ್ಕಡಿಯಲ್ಲಿ ಅದು ಹಗುರ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಬಳುವಳಿಯಾಗಿ ಕೊಟ್ಟರು. ನಾಲ್ಕು ವರ್ಷದ ಸೆರೆ ಮುಗಿಸಿ ರಾಜ ಮರಳಿ ಬರಬೇಕಾಗಿದ್ದರೆ ಹಾಗೆ ಕೊಡುವುದು ಅಷ್ಟು ಸಲೀಸಾಗುತ್ತಿರಲಿಲ್ಲ.

ಹಾಗಾದರೆ ಕೊಂದರೆಂಬುದೇ ನಿಜವೆ? ಇಲ್ಲಿಯೂ ಅದೇ ತಕ್ಕಡಿ. ನಾಡಿನ ಜನಕ್ಕೆ ತಮ್ಮ ಯುವರಾಜ ತಾನಾಗಿ ಪ್ರಾಣ ಬಿಟ್ಟನೆಂಬುದಕ್ಕಿಂತ ಶತ್ರುವಿನ ಮೋಸಕ್ಕೆ ಬಲಿಯಾದನೆಂಬುದು ಸಹಿಸಬಹುದಾದ ಮಾತು. ಆ ಮಾತೂ ಹೇಳುವವರಿಗೆ ಅನುಕೂಲವಾದದ್ದೇ. ಮೇಲಾಗಿ, ಕೊಲ್ಲಬೇಕೆಂದಿದ್ದ ಸರ್ಕಾರದ ಕೈಯಲ್ಲಿ ಆಗಲೇ ಮರಣದಂಡನೆಯ ತೀರ್ಪಿತ್ತು. ಆ ವರ್ಷ ಉತ್ತರದಲ್ಲಿ ಸಾವಿರಾರು ಜನರನ್ನು ಬಹಿರಂಗವಾಗಿ ನೇಣಿಗೆ ಹಾಕಿದವರು ಇವನೊಬ್ಬನ ಶಿಕ್ಷೆಯನ್ನು ಎರಡು ಬಾರಿ ಇಳಿಸಿ, ಆಮೇಲೆ ದಾರಿಯಲ್ಲಿ ಗುಟ್ಟಾಗಿ ಕೊಲ್ಲುವುದೇಕೆ? ಮೇಲಿನವರ ಆಜ್ಞೆಯಿಂದ ನಡೆದ ಕೊಲೆ ಎಂಬುದು ನನಗೆ ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಬಿಡಾರದಲ್ಲಿ ಬೇರೇನಾದರೂ ನಡೆದಿರಬಹುದೆಂಬ ಅನುಮಾನವನ್ನು ಟೇಲರನ ಪುಟ ಅಳಿಸುವುದೂ ಇಲ್ಲ. ಒಂದಂತೂ ನಿಜ. ಮರಣದಂಡನೆಯ ಅಂಚಿಗೆ ಹೋಗಿ ಬಂದ ಸೆರೆಯಾಳಿನ ಕೈಗೆಟುಕುವಂತೆ ಗುಂಡು ತುಂಬಿದ ಪಿಸ್ತೂಲನ್ನು ತೂಗುಹಾಕಿದ್ದು ಅವರದೇ ಕಥೆಯಲ್ಲಿ ಅವರೇ ಒಪ್ಪಿಕೊಂಡ ತಪ್ಪು. ಅದನ್ನು ನಂಬಲು ಅಡ್ಡಿಯಿಲ್ಲ.

ಆ ಕಾಲದ ದೊಡ್ಡ ಪತ್ರಿಕೆಗಳ ಹಣೆಬರಹವೂ ಇದಕ್ಕಿಂತ ಮೇಲೇನಿರಲಿಲ್ಲ. ಪ್ಲಾಸಿ ಕಾಳಗವಾದ 1757ರಿಂದ ನೂರು ವರ್ಷಕ್ಕೆ ಕಂಪನಿಯ ಆಳ್ವಿಕೆ ಮುಗಿಯುತ್ತದೆಂಬ ಭವಿಷ್ಯವಾಣಿ ದೇಶದ ಉದ್ದಕ್ಕೂ ಹಬ್ಬಿತ್ತು. ಅದನ್ನು ಹಬ್ಬಿಸಿದವರಲ್ಲಿ ಬರಿಯ ಬೈರಾಗಿಗಳಷ್ಟೇ ಇದ್ದರೆಂದುಕೊಳ್ಳಬಾರದು. 1857ರ ಜೂನ್‌ನಲ್ಲಿ ಗವರ್ನರ್ ಜನರಲ್ ಕ್ಯಾನಿಂಗ್ ಪತ್ರಿಕೆಗಳ ಬಾಯಿಕಟ್ಟುವ ಕಾನೂನು ತಂದ. ಅದರಡಿ ಬೇಗನೆ ಎಚ್ಚರಿಕೆ ಪಡೆದವುಗಳಲ್ಲಿ ಸೆರಾಂಪುರದ 'ಫ್ರೆಂಡ್ ಆಫ್ ಇಂಡಿಯಾ' ಎಂಬ ಇಂಗ್ಲಿಷರ ಪತ್ರಿಕೆಯೇ ಒಂದು. ಅಪರಾಧ, ಪ್ಲಾಸಿಯ ಶತಮಾನೋತ್ಸವದ ಮೇಲೆ ಬರೆದ ಲೇಖನ. ಅತ್ತ ಲಂಡನ್ನಿನಲ್ಲಿ ಸಿಪಾಯಿಗಳು ಆಂಗ್ಲ ಹೆಂಗಸರ ಮೂಗು ಕಿವಿ ಕೊಯ್ದ ಕಥೆಗಳು ದಿನವೂ ಅಚ್ಚಾಗುತ್ತಿದ್ದವು. ಅವನ್ನು ಓದಿ ಕೆರಳಿದ ಜನ ಸೇಡು ಸೇಡು ಎಂದು ಕೂಗಿದರು. 1858ರಲ್ಲಿ 'ಟೈಮ್ಸ್' ತನ್ನ ಪ್ರಸಿದ್ಧ ಯುದ್ಧ ವರದಿಗಾರ ವಿಲಿಯಂ ಹೊವರ್ಡ್ ರಸೆಲ್‌ನನ್ನು ಕಳಿಸಿತು. ಅವನು ಊರೂರು ವಿಚಾರಿಸಿ, ಕೊಲೆಗಳೇನೋ ನಡೆದಿವೆ, ಆದರೆ ಈ ಅಂಗಚ್ಛೇದದ ಕಥೆಗಳಿಗೆ ಪುರಾವೆಯಿಲ್ಲ ಎಂದು ಬರೆದ. ತನ್ನ ಓದುಗರಿಗೆ ರುಚಿಸದ, ತನ್ನ ಜನರ ಸಿಟ್ಟಿಗೆ ಎದುರಾದ ಮಾತು ಅದು. ಅದಕ್ಕೇ ಇತಿಹಾಸಕಾರರು ಇಂದಿಗೂ ಅವನಿಗೆ ಕಿವಿಗೊಡುತ್ತಾರೆ. ಅಷ್ಟರಲ್ಲಿ ಸೇಡಿನ ನೇಣುಗಳು ಮುಗಿದಿದ್ದವು ಎಂಬುದು ಬೇರೆ ವಿಷಯ.

ನಮ್ಮ ಕಡೆ ಅಚ್ಚಿನ ಪತ್ರಿಕೆ ತಲುಪದ ಹಳ್ಳಿಗಳಲ್ಲಿ ಸುದ್ದಿ ಸಾಗುತ್ತಿದ್ದದ್ದು ಲಾವಣಿಯಲ್ಲಿ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ಸಿಡಿದೆದ್ದ ಹಲಗಲಿ ಬೇಡರ ಮೇಲಿನ ಲಾವಣಿಯನ್ನು ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ. ಲಾವಣಿಕಾರನೂ ಉತ್ಪ್ರೇಕ್ಷೆ ಮಾಡುತ್ತಿದ್ದ. ಆದರೆ ಹಾಡಿನ ಕೊನೆಗೆ ತನ್ನ ಊರಿನ, ದೇವರ ಅಂಕಿತ ಹಾಕುತ್ತಿದ್ದ. ಯಾರು ಹೇಳಿದ್ದೆಂದು ಕೇಳುಗರಿಗೆ ತಿಳಿಯುತ್ತಿತ್ತು. ಬೇಕೆಂದವರು ಆ ಊರಿಗೆ ಹೋಗಿ ಕೇಳಬಹುದಿತ್ತು. ಟೇಲರನ ಮೇಲೆ ಇಷ್ಟೆಲ್ಲ ತಕರಾರು ಎತ್ತಲು ನಮಗೆ ಸಾಧ್ಯವಾದದ್ದೂ ಅವನು ಯಾರು, ಎಲ್ಲಿದ್ದ, ಎಂದು ಬರೆದ ಎಂಬುದು ಗೊತ್ತಿರುವುದರಿಂದ.

ಈಗ ಮೊಬೈಲಿಗೆ ಬರುವ ಸಂದೇಶಕ್ಕೆ ಅಂಕಿತವೇ ಇಲ್ಲ. ಕಳಿಸಿದವನ ಹೆಸರು ಕಾಣುತ್ತದೆ, ಹುಟ್ಟಿಸಿದವನ ಹೆಸರು ಕಾಣುವುದಿಲ್ಲ. ಕಳಿಸಿದವನು ಭಾವನೋ ಗೆಳೆಯನೋ ಆಗಿರುವುದರಿಂದ ಅವನ ಮೇಲಿನ ವಿಶ್ವಾಸ ಸಂದೇಶಕ್ಕೂ ಸಲ್ಲುತ್ತದೆ. ಅವನಿಗೆ ಅದರಿಂದ ಲಾಭವೇನು ಎಂದು ಕೇಳಿದರೆ ಏನೂ ಇಲ್ಲ ಎಂದೇ ತೋರುತ್ತದೆ. ಆದರೆ ಲಾಭವೆಂದರೆ ಹಣವೇ ಆಗಬೇಕಾಗಿಲ್ಲ. ಕಾದಂಬರಿಕಾರ ಟೇಲರನಿಗೆ ಜಾತಕದ ಕಥೆ ಚೆನ್ನಾಗಿ ಕೂಡಿಬಂದದ್ದೇ ಲಾಭ. ಎಲ್ಲರಿಗಿಂತ ಮೊದಲು ಊರಿಗೆ ಎಚ್ಚರಿಕೆ ಕೊಟ್ಟೆನೆಂಬ ಸಮಾಧಾನವೂ ಲಾಭವೇ. 2012ರ ಆಗಸ್ಟಿನಲ್ಲಿ ಹೀಗೆ ಸುತ್ತಾಡಿದ ಸಂದೇಶಗಳನ್ನು ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸುವಂತಿಲ್ಲವೆಂದು ಸರ್ಕಾರ ಕೆಲ ದಿನ ಕಟ್ಟುಪಾಡು ಮಾಡಬೇಕಾಯಿತು.

ಆರು ವರ್ಷದ ನಂತರ ನಡ

ೆದದ್ದು ಯಾದಗಿರಿಯಂತೆಯೇ ಹಿಂದೆ ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ್ ಜಿಲ್ಲೆಯಲ್ಲಿ. 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದ ಕೆಲವು ಯುವಕರು ಔರಾದ್ ಸೀಮೆಯ ಹಳ್ಳಿಯೊಂದರ ಬಳಿ ಕಾರು ನಿಲ್ಲಿಸಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಿಡಿಯೊ ಮನೆಮನೆಯಲ್ಲಿತ್ತು. ಬೈಕಿನಲ್ಲಿ ಬಂದ ಇಬ್ಬರು ಹುಡುಗನೊಬ್ಬನನ್ನು ಎತ್ತಿಕೊಂಡು ಹೋಗುವ ದೃಶ್ಯ ಅದು. ಚಿತ್ರೀಕರಿಸಿದ್ದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಜನರನ್ನು ಎಚ್ಚರಿಸಲು. ಮೂಲದಲ್ಲಿ ಅವರೇ ಹುಡುಗನನ್ನು ಮರಳಿ ತಂದು ಬಿಟ್ಟು ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.

ಜನ ಅನುಮಾನಪಟ್ಟು ಸುತ್ತುವರಿದಾಗ ಯುವಕರು ಕಾರು ಓಡಿಸಿದರು. ಕಾರಿಗಿಂತ ಮುಂಚೆ ವಾಟ್ಸ್‌ಆ್ಯಪ್ ಸಂದೇಶ ಮುರ್ಕಿ ಎಂಬ ಊರನ್ನು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು, ಕಾರು ಉರುಳಿತು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ಯುವಕ ಸತ್ತ. ಅವನು ಸಾಫ್ಟ್‌ವೇರ್ ಇಂಜಿನಿಯರ್. ಬಂಧಿತರಲ್ಲಿ ಆ ವಾಟ್ಸ್‌ಆ್ಯಪ್ ಗುಂಪಿನ ನಿರ್ವಾಹಕನೂ ಇದ್ದ. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಮುಂದೂಡದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. 2020ರಲ್ಲಿ, ಹಲವು ಬಾರಿ ಸುತ್ತಿ ಬಂದ ಸಂದೇಶಕ್ಕೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಮುರ್ಕಿಗೆ ಸಂದೇಶ ಬಂದದ್ದು ಪಕ್ಕದ ಊರಿನಿಂದ, ಒಂದೇ ಗುಂಪಿಗೆ.